ನಲವತ್ತೆಂಟು ಕಿಲೋಬೈಟಿನೊಳಗೆ ಒಂದು ಟೊಮೇಟೊ ಮಂಡಿ

ಆ ಇಮೇಲ್ ಬಂದಾಗ ನಾನು ಮಾಲೂರಿನ ಬಸ್ಸಿನಲ್ಲಿದ್ದೆ. ಕೋಲಾರ ಬಿಟ್ಟು ಅರ್ಧ ದಾರಿಯಾಗಿತ್ತು. ಸೀಟು ಸಿಕ್ಕಿರಲಿಲ್ಲ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಹಳೆಯ ಕಂಪ್ಯೂಟರುಗಳಿಗೆ ಹೊಸ ಆಟಗಳನ್ನು ಪ್ರಕಟಿಸುವ ವಿದೇಶದ ಪ್ರಕಾಶಕರೊಬ್ಬರಿಗೆ ಒಂದು ತಿಂಗಳ ಹಿಂದೆ ನನ್ನ ಆಟ ಕಳಿಸಿದ್ದೆ. ಉತ್ತರ ಸಭ್ಯವಾಗಿಯೇ ಇತ್ತು. ಆಟ ಚೆನ್ನಾಗಿದೆ, ಚಿತ್ರಗಳು ಚೆನ್ನಾಗಿವೆ, ನಾವು ಪ್ರಕಟಿಸುತ್ತೇವೆ. ಎರಡೇ ಎರಡು ಬದಲಾವಣೆ ಬೇಕು. ಪರದೆಯ ಮೇಲಿನ ಕನ್ನಡ ಅಕ್ಷರ, ಅಂಕಿಗಳನ್ನು ತೆಗೆದು ಇಂಗ್ಲಿಷ್ ಹಾಕಿ. ಟೊಮೇಟೊ ಬದಲು ರತ್ನವನ್ನೋ ಚಿನ್ನದ ಗಟ್ಟಿಯನ್ನೋ ಇಡಿ. ಕೊನೆಯ ಸಾಲು ಹೀಗಿತ್ತು: ನಮ್ಮಲ್ಲಿ ಕೊಳ್ಳುವವರು ಈ ಗುರುತುಗಳನ್ನು ಓದಲಾರರು.

ಗುರುತುಗಳು. ಆ ಪದ ಮಾಲೂರಿನವರೆಗೂ ನನ್ನ ಜೊತೆ ನಿಂತುಕೊಂಡೇ ಬಂತು.

ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಹೊಟ್ಟೆಪಾಡು. ಆಟ ಬರೆಯುವುದು ಬೆಳಗಿನ ಜಾವದ ಎರಡು ತಾಸಿನ ಹಟ. ನಾನು ಬರೆಯುವ ಕಂಪ್ಯೂಟರನ್ನು ಈಗ ಯಾರೂ ತಯಾರಿಸುವುದಿಲ್ಲ. ಅದು ಮನೆಯ ಟಿವಿಗೆ ಸಿಕ್ಕಿಸುತ್ತಿದ್ದ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದುತ್ತಿದ್ದ ಕಾಲದ್ದು. ಮೆಮೊರಿ ನಲವತ್ತೆಂಟು ಕಿಲೋಬೈಟ್. ಬೆಳಿಗ್ಗೆ ಎದ್ದರೆ ನೆಂಟರು ಫೋನಿಗೆ ಕಳಿಸುವ ಶುಭೋದಯದ ಹೂವಿನ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಆದರೂ ಆ ಯಂತ್ರವನ್ನು ಒರೆಸಿ, ರಿಪೇರಿ ಮಾಡಿಸಿ ಇಟ್ಟುಕೊಂಡವರು ಲೋಕದ ಮೂಲೆ ಮೂಲೆಯಲ್ಲಿದ್ದಾರೆ. ಅವರಿಗೆ ಹೊಸ ಆಟ ಬೇಕು, ಕೊಂಡು ಆಡುತ್ತಾರೆ. ಚಿಕ್ಕ ಸಂತೆ. ಎಲ್ಲರಿಗೂ ಎಲ್ಲರೂ ಗೊತ್ತು.

ನನ್ನ ಆಟ ಹುಟ್ಟಿದ್ದು ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ. ಹೋಳೂರಿನಲ್ಲಿ ನನ್ನ ಅಣ್ಣ ಟೊಮೇಟೊ ಬೆಳೆಯುತ್ತಾನೆ. ಒಂದು ಭಾನುವಾರ ಅವನ ಜೊತೆ ಹೋಗಿ ನಿಂತಿದ್ದೆ. ಹರಾಜು ಕೂಗುವವನ ಬಾಯಿ ನಿಲ್ಲುವ ಮೊದಲೇ ಬಾಕ್ಸುಗಳು ಕೈಯಿಂದ ಕೈಗೆ ಹಾರಿ ಲಾರಿಯ ಮೇಲೆ ಕೂರುತ್ತಿದ್ದವು. ಒಂದೂ ಜಾರಲಿಲ್ಲ, ಎಣಿಕೆ ತಪ್ಪಲಿಲ್ಲ. ಅದನ್ನೇ ಆಟ ಮಾಡಿದೆ: ಲಾರಿಯ ತಲೆಯ ಮೇಲೆ ಒಂದು ಕನ್ನಡ ಅಂಕಿ ಬರುತ್ತದೆ, ಅಷ್ಟೇ ಬಾಕ್ಸ್ ಏರಿಸಬೇಕು. ಹೆಚ್ಚಾದರೆ ಅಡಿಯ ಬಾಕ್ಸ್ ಒಡೆದು ಹಣ್ಣು ಚೆಲ್ಲುತ್ತದೆ. ಕಮ್ಮಿಯಾದರೆ ಲಾರಿ ಹೊರಡುವುದಿಲ್ಲ, ಹಿಂದಿನವು ಹಾರನ್ ಹೊಡೆಯುತ್ತವೆ.

ಇಮೇಲ್ ಬಂದ ಸಂಜೆ ಅಣ್ಣನಿಗೆ ವಿಷಯ ಹೇಳಿದೆ.

"ಚಿನ್ನ ಇಡು ಅಂದ್ರಾ?" ಎಂದು ನಕ್ಕ. "ಕೋಲಾರದೋಳಿಗೇ ಹೇಳ್ತಾವ್ರಲ್ಲೇ! ನಮ್ ಕಡೆ ಚಿನ್ನ ಮುಗ್ದೋಗಿ ಎಷ್ಟು ವರ್ಷ ಆಯ್ತು. ಟೊಮೇಟೊ ದಿನಾ ಬತ್ತೈತೆ."

"ಅಕ್ಷರಾನೂ ತೆಗೀಬೇಕಂತೆ."

"ನೋಡು ಕಣೇ, ಮಾರೋದು ಬೇರೆ, ಮಾಡೋದು ಬೇರೆ. ನೀನೇ ಯೋಚ್ನೆ ಮಾಡು."

ನಾನು ಯೋಚಿಸುವ ಮೊದಲೇ ಇನ್ನೊಂದು ತೊಂದರೆ ಎದುರಾಯಿತು. ಆಟಕ್ಕೆ ತಮಟೆಯ ಸದ್ದು ಹಾಕಿದ್ದೆ. ಆ ಕಂಪ್ಯೂಟರಿನಲ್ಲಿ ಸಂಗೀತದ ಚಿಪ್ ಇಲ್ಲ. ಒಂದು ಪುಟ್ಟ ಸ್ಪೀಕರ್, ಅದಕ್ಕೆ ಗೊತ್ತಿರುವುದು ಎರಡೇ ಸ್ಥಿತಿ: ಒಳಗೆ, ಹೊರಗೆ. ಅದನ್ನು ಎಷ್ಟು ಬೇಗ ಬಡಿಯುತ್ತೀರಿ ಎನ್ನುವುದರಲ್ಲೇ ಸದ್ದು. ಕೊಳಲು, ವೀಣೆ ಅದರಲ್ಲಿ ಅಳುತ್ತವೆ. ತಮಟೆ ಮಾತ್ರ ಮನೆಗೆ ಬಂದಂತೆ ಕೂರುತ್ತದೆ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕಡೆಯ ತಮಟೆ ಕಲಾವಿದರೊಬ್ಬರು ನನಗಾಗಿ ನುಡಿಸಿದ್ದರು. ಅದನ್ನು ಫೋನಿನಲ್ಲಿ ಹಿಡಿದು, ಒಂದೊಂದು ಏಟಿನ ನಡುವಿನ ಅಂತರ ಅಳೆದು ಅಂಕಿಗಳಾಗಿ ಬರೆದಿದ್ದೆ.

ನನ್ನ ಬಳಿ ನಿಜವಾದ ಯಂತ್ರ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಆಟ ಬರೆಯುತ್ತಿದ್ದೆ. ನಿಜವಾದದ್ದು ಇದ್ದದ್ದು ಮುಳಬಾಗಿಲಿನ ಹಿರಿಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಅಂಗಡಿಯಲ್ಲಿ. ಬೆಂಗಳೂರಿನ ಗುಜರಿಯಿಂದ ತಂದು, ಎರಡು ಕೆಪಾಸಿಟರ್ ಬದಲಿಸಿ ಎಬ್ಬಿಸಿದ್ದರು. ಕನ್ನಡ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಮನುಷ್ಯ. ನಾನು ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದೆ. ಒಂದು ಭಾನುವಾರ ತಮಟೆ ಕಲಾವಿದರನ್ನೂ ಅಲ್ಲಿಗೆ ಕರೆದೆ. ಅವರ ಕೈಯ ಸದ್ದನ್ನು ಅವರಿಗೇ ಕೇಳಿಸುವ ಹುಮ್ಮಸ್ಸು ನನಗೆ.

ಆಟ ಲೋಡ್ ಆಯಿತು. ತಮಟೆ ಶುರುವಾಯಿತು. ನಾನು ಅವರ ಮುಖ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿ, ಬೆರಳಿನಿಂದ ತೊಡೆ ತಟ್ಟುತ್ತ ಕೇಳಿದರು. ಬೆರಳು ಎರಡು ಸಲ ತಡವರಿಸಿತು.

"ಇದು ನಾನಲ್ಲಮ್ಮ," ಎಂದರು. "ಎಡಗೈ ಏಟು ತಡ ಬತ್ತೈತೆ. ಯಾರೋ ಕುಂಟ್ತಾವ್ರೆ."

ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದೆ. "ಇದು ಸರಿ," ಎಂದರು. ಮತ್ತೆ ಯಂತ್ರದಲ್ಲಿ ಹಾಕಿದೆ. "ಇದು ಕುಂಟು." ನನ್ನ ಕಿವಿಗೆ ಎರಡೂ ಒಂದೇ. ಅವರ ಮಾತನ್ನು ನಂಬಿದೆ.

ಕಾರಣ ಹುಡುಕಲು ಒಂದು ವಾರ ಹಿಡಿಯಿತು. ಆ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಕಳಿಸುವ ಚಿಪ್ಪೂ ಪ್ರೊಸೆಸರೂ ಕೆಳಗಿನ ಹದಿನಾರು ಕಿಲೋಬೈಟ್ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಚಿಪ್ ಓದುವಾಗ ಪ್ರೊಸೆಸರ್ ಬಾಗಿಲಲ್ಲಿ ಕಾಯಬೇಕು. ನನ್ನ ಸದ್ದಿನ ಕೋಡ್ ಇದ್ದದ್ದು ಅಲ್ಲೇ. ಕ್ಷಣದ ಸಣ್ಣ ಚೂರುಗಳಷ್ಟು ಕಾಯುವಿಕೆ ಸೇರಿ ಸೇರಿ ಎಡಗೈಯ ಏಟು ತಡವಾಗುತ್ತಿತ್ತು. ಎಮ್ಯುಲೇಟರಿನಲ್ಲಿ ಈ ಕಾಯುವಿಕೆಯನ್ನು ನಟಿಸುವ ಆಯ್ಕೆ ಇತ್ತು. ನಾನು ಅದನ್ನು ಆನ್ ಮಾಡಿಯೇ ಇರಲಿಲ್ಲ.

ಸದ್ದಿನ ಕೋಡನ್ನು ಮೇಲಿನ ಮೆಮೊರಿಗೆ ಸಾಗಿಸಿದರೆ ಕುಂಟು ಹೋಗುತ್ತದೆ. ಆದರೆ ಮೇಲೆ ಜಾಗವಿಲ್ಲ. ಅಲ್ಲಿ ಆಟದ ಕೋಡ್, ಸುತ್ತುಗಳು, ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡ ಅಕ್ಷರಗಳು ಕೂತಿದ್ದವು. ಇಂಗ್ಲಿಷ್ ಅಕ್ಷರ ಯಂತ್ರದ ಹೊಟ್ಟೆಯಲ್ಲೇ ಬಿಟ್ಟಿ ಸಿಗುತ್ತದೆ, ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದಲ್ಲಿ. ನಮ್ಮದಕ್ಕೆ ಒತ್ತು, ದೀರ್ಘ, ಕೊಂಬು ಎಲ್ಲ ಸೇರಿ ಅದರ ನಾಲ್ಕರಷ್ಟು ಜಾಗ ಬೇಕು. ಪ್ರಕಾಶಕರು ಹೇಳಿದ್ದನ್ನೇ ಈಗ ಯಂತ್ರವೂ ಹೇಳುತ್ತಿತ್ತು: ಅಕ್ಷರ ತೆಗೆ.

ಆ ವಾರ ನನಗೆ ಬಂದ ಸಿಟ್ಟು ವಿಚಿತ್ರವಾದದ್ದು. ಪ್ರಕಾಶಕರ ಮೇಲಲ್ಲ. ಅವರು ಮಾರುವವರು, ತಮಗೆ ತೋಚಿದ್ದು ಹೇಳಿದರು. ಎಂದೋ ಯಾರೋ ಈ ಯಂತ್ರ ಮಾಡುವಾಗ ಅಕ್ಷರವೆಂದರೆ ಇಷ್ಟೇ ಅಗಲ ಎಂದು ತೀರ್ಮಾನಿಸಿದರಲ್ಲ, ಆ ಎಂಟು ಚುಕ್ಕಿಯ ಚೌಕದ ಮೇಲೆ ಸಿಟ್ಟು. ಅದರೊಳಗೆ ನುಗ್ಗಿಯೇ ತೀರುತ್ತೇನೆ ಎಂದುಕೊಂಡೆ.

ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕ ದಿನವೆಲ್ಲ ಚೌಕಳಿ ಪುಸ್ತಕ ತೆಗೆದು ಅಕ್ಷರಗಳ ಚುಕ್ಕಿ ತುಂಬಿದೆ. ಮೊದಲು ಆಟದಲ್ಲಿ ನಿಜವಾಗಿ ಬರುವ ಪದಗಳನ್ನಷ್ಟೇ ಪಟ್ಟಿ ಮಾಡಿದೆ. ಹರಾಜು ಶುರು. ಲಾರಿ ಹೊರಟಿತು. ಬಾಕ್ಸ್ ಒಡೆಯಿತು. ಗೆದ್ದೆ. ಸೋತೆ. ಇಡೀ ವರ್ಣಮಾಲೆಯನ್ನು ಹೊತ್ತು ತಿರುಗುತ್ತಿದ್ದ ನನಗೆ ಬೇಕಿದ್ದದ್ದು ಇಷ್ಟೇ. ಆಮೇಲೆ ಅಕ್ಷರಗಳನ್ನು ಬಿಡಿಸಿ ನೋಡಿದೆ. ಕ, ತ, ರ, ಹ, ದ, ಇವುಗಳ ತಲೆಯ ಮೇಲೆ ಕೂರುವ ತಲೆಕಟ್ಟು ಒಂದೇ. ಪ್ರತಿ ಅಕ್ಷರಕ್ಕೂ ಅದನ್ನು ಮತ್ತೆ ಮತ್ತೆ ಶೇಖರಿಸುತ್ತಿದ್ದೆನಲ್ಲ! ತಲೆಕಟ್ಟನ್ನು ಒಂದೇ ಸಲ ಬರೆದಿಟ್ಟು, ಬೇಕಾದ ದೇಹದ ಮೇಲೆ ಕೂರಿಸುವ ಸಣ್ಣ ಕೋಡ್ ಬರೆದೆ. ಒತ್ತುಗಳಿಗೂ ಅದೇ. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ಕಲಿತದ್ದನ್ನು ಯಂತ್ರಕ್ಕೆ ಕಲಿಸಿದಂತಾಯಿತು. ಸದ್ದಿನ ಕೋಡ್ ಮೇಲೆ ಹೋಗಿ ಕೂತಿತು. ಇನ್ನೂ ಒಂಬತ್ತು ಬೈಟ್ ಉಳಿದವು.

ಮುಳಬಾಗಿಲಿನ ಅಂಗಡಿಯಿಂದ ಕಲಾವಿದರಿಗೆ ಫೋನ್ ಮಾಡಿ, ಅದನ್ನು ಯಂತ್ರದ ಸ್ಪೀಕರಿನ ಬಳಿ ಹಿಡಿದೆ. ಆ ಕಡೆಯಿಂದ ಎರಡೇ ಮಾತು: "ಈಗ ನಾನು."

ಯಂತ್ರದ ವಾದ ಮುಗಿಯಿತು. ಪ್ರಕಾಶಕರ ವಾದ ಉಳಿದಿತ್ತು: ಓದಲಾರರು. ಇದಕ್ಕೆ ಸಿಟ್ಟು ಉತ್ತರವಲ್ಲ. ಕನ್ನಡ ಬಾರದವರ ಮುಂದಿಟ್ಟು ನೋಡಬೇಕು. ಕೋಲಾರದಲ್ಲಿ ಅಂಥವರು ಎಲ್ಲಿ ಸಿಗುತ್ತಾರೆ? ತೆಲುಗು ಓದುವವರಿಗೆ ನಮ್ಮ ಅಂಕಿ ಹೆಚ್ಚುಕಮ್ಮಿ ಗೊತ್ತಾಗಿಬಿಡುತ್ತದೆ, ಅದು ಪರೀಕ್ಷೆಯಲ್ಲ. ಮೆಕ್ಯಾನಿಕ್ ಅಣ್ಣನೇ ದಾರಿ ತೋರಿಸಿದರು.

"ಮಂಡೀಗೆ ನಾರ್ತ್ ಕಡೆ ಲಾರಿಗಳು ಬರ್ತಾವಲ್ಲಮ್ಮಾ. ಲೋಡ್ ಆಗೋ ತನಕ ಡ್ರೈವರ್‌ಗಳು ಸುಮ್ನೇ ಕೂತಿರ್ತಾರೆ. ಸರೇ, ಚೂದ್ದಾಂ, ನೋಡೋಣ. ನಾನೇ ಟಿವಿ ತಗೊಂಡ್ ಬರ್ತೀನಿ."

ಭಾನುವಾರ ಮಾರುಕಟ್ಟೆಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಯಂತ್ರ, ಸಣ್ಣ ಟಿವಿ ಇಟ್ಟೆವು. ಉತ್ತರದ ಒಬ್ಬ ಲಾರಿ ಡ್ರೈವರ್ ಕುತೂಹಲದಿಂದ ಬಂದು ಕೂತ. ಮೆಕ್ಯಾನಿಕ್ ಅಣ್ಣ ಉರ್ದುವಿನಲ್ಲಿ ಕೀಲಿಗಳನ್ನಷ್ಟೇ ತೋರಿಸಿದರು. ಅಂಕಿಯ ಬಗ್ಗೆ ಬಾಯಿ ಬಿಡಬೇಡಿ ಎಂದು ನಾನು ಮೊದಲೇ ಹೇಳಿದ್ದೆ.

ಅವನು ಸೋತ. ಮತ್ತೆ ಸೋತ. ಮೂರನೇ ಸಲ ಬಾಕ್ಸ್ ಒಡೆದಾಗ ಕೀಲಿಮಣೆಯನ್ನು ದೂರ ತಳ್ಳಿದ. "ಯೇ ಸಬ್ ಜಲೇಬಿ ಹೈ," ಎಂದು ಪರದೆಯ ಸುರುಳಿ ಅಂಕಿಗಳತ್ತ ಕೈ ಬೀಸಿ ಎದ್ದು ಹೋದ. ಟೀ ಅಂಗಡಿಯವರು ನಕ್ಕರು. ಮೆಕ್ಯಾನಿಕ್ ಅಣ್ಣ ನನ್ನ ಮುಖ ನೋಡದೆ ವೈರು ಸುತ್ತತೊಡಗಿದರು.

ಆ ದಿನ ಪ್ರಕಾಶಕರೇ ಸರಿ ಅನ್ನಿಸಿತ್ತು. ಮನೆಗೆ ಬಂದು, ಇಂಗ್ಲಿಷ್ ಅಂಕಿ ಹಾಕಿದ ಒಂದು ಪ್ರತಿ ಮಾಡಿಯೂ ನೋಡಿದೆ. ಹತ್ತು ನಿಮಿಷದ ಕೆಲಸ. ಆಡಿದೆ. ಆಟ ಚೆನ್ನಾಗಿಯೇ ಓಡಿತು. ಯಾವ ಊರಿನದೂ ಆಗಿರಲಿಲ್ಲ. ಆ ಫೈಲನ್ನು ಅಳಿಸಿ, ಡ್ರೈವರ್ ಎಲ್ಲಿ ಸೋತ ಎಂದು ಮತ್ತೆ ನೆನಪಿಸಿಕೊಂಡೆ. ಅವನು ಅಂಕಿ ನೋಡಿ ಸೋತಿರಲಿಲ್ಲ. ಅಂಕಿಯ ಅರ್ಥ ಊಹಿಸಲು ನಾನು ಅವನಿಗೆ ಏನನ್ನೂ ಕೊಟ್ಟಿರಲಿಲ್ಲ. ತಪ್ಪು ಅವನದಲ್ಲ, ಕಲಿಸಬೇಕಿದ್ದ ನನ್ನದು.

ಮೊದಲ ಮೂರು ಸುತ್ತಿನಲ್ಲಿ ಲಾರಿಯೊಳಗೆ ಖಾಲಿ ಚೌಕಗಳನ್ನು ಬಿಡಿಸಿದೆ. ಮೇಲೆ ೪ ಬಂದರೆ ಒಳಗೆ ನಾಲ್ಕು ಖಾಲಿ ಚೌಕ. ಏನೂ ಓದಬೇಕಿಲ್ಲ, ತುಂಬಿದರೆ ಸಾಕು. ನಾಲ್ಕನೇ ಸುತ್ತಿನಿಂದ ಚೌಕಗಳು ಮಾಯ. ಅಂಕಿ ಮಾತ್ರ. ಇದಕ್ಕೆ ಒಂಬತ್ತು ಬೈಟ್ ಸಾಲದು. ಶುರುವಿನ ಪರದೆಯ ಮೇಲೆ ನಾನು ಆಸೆಯಿಂದ ಬರೆದಿದ್ದ ಬೆಟ್ಟದ ಚಿತ್ರವನ್ನು ಅರ್ಧಕ್ಕೆ ಕತ್ತರಿಸಿದೆ.

ಮುಂದಿನ ಭಾನುವಾರ ಅದೇ ಬೆಂಚು, ಬೇರೆ ಡ್ರೈವರ್. ನಡುವಯಸ್ಸಿನ ಸರ್ದಾರ್ಜಿ, ಆಟವೆಂದರೆ ನಂಬಿಕೆಯಿಲ್ಲದವರಂತೆ ಕೂತರು. ಮೊದಲ ಸುತ್ತು ದಾಟಿತು, ಎರಡು, ಮೂರು. ನಾಲ್ಕನೇ ಸುತ್ತಿನಲ್ಲಿ ಚೌಕಗಳು ಹೋದವು. ಅವರು ಕೈ ತಡೆದು ಪರದೆಗೆ ಬಗ್ಗಿದರು. ಲಾರಿಯ ಮೇಲೆ ೫ ಇತ್ತು.

"ಯೇ ತೋ ವಹೀ ಪಾಂಚ್ ವಾಲಾ ಹೈ ನಾ?" ಎಂದು, ಇದು ಅದೇ ಐದಲ್ಲವೇ ಎಂಬಂತೆ, ನನ್ನನ್ನು ಕೇಳಿದರು.

ನಾನು ತಲೆಯಾಡಿಸಲಿಲ್ಲ. ಆಡಿಸಿದರೆ ಪರೀಕ್ಷೆ ಕೆಡುತ್ತಿತ್ತು. ಅವರೇ ಐದು ಬಾಕ್ಸ್ ಏರಿಸಿದರು. ಲಾರಿ ಹೊರಟಿತು. ತಮಟೆ ಬಾರಿಸಿತು. ೬ರಲ್ಲೂ ೯ರಲ್ಲೂ ಒಂದೊಂದು ಸಲ ಎಡವಿದರು, ಮತ್ತೆ ಎಡವಲಿಲ್ಲ. ಮಾರುಕಟ್ಟೆಯೊಳಗಿಂದ ಯಾರೋ ಲೋಡ್ ಆಯಿತೆಂದು ಕೂಗಿದಾಗ, ಒಂದು ನಿಮಿಷ ಎಂದು ಕೈ ಎತ್ತಿದರು. ಹೋಗುವಾಗ ಟೀ ಅಂಗಡಿಯ ಗೋಡೆಯ ಮೇಲಿದ್ದ ಕನ್ನಡ ಕ್ಯಾಲೆಂಡರಿನ ಮುಂದೆ ನಿಂತು, ಬೆರಳಿಟ್ಟು, ಅಂಕಿಗಳನ್ನು ಒಂದೊಂದಾಗಿ ಹಿಂದಿಯಲ್ಲಿ ಓದಿದರು.

"ಏಂ ತಾಯಿ," ಎಂದರು ಮೆಕ್ಯಾನಿಕ್ ಅಣ್ಣ, "ಇನ್ನೂ ಯೋಚ್ನೆ ಮಾಡ್ತೀಯಾ?"

ಅಲ್ಲೇ ಬೆಂಚಿನ ಮೇಲೆ ಕೂತು ಪ್ರಕಾಶಕರಿಗೆ ಬರೆದೆ. ಅಕ್ಷರ ತೆಗೆಯುವುದಿಲ್ಲ. ಟೊಮೇಟೊ ತೆಗೆಯುವುದಿಲ್ಲ. ನಿಮ್ಮಲ್ಲಿ ಕೊಳ್ಳುವವರು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ, ಕಲಿತವರನ್ನು ಈಗಷ್ಟೇ ಕಂಡೆ. ಒಪ್ಪಿಗೆಯಾದರೆ ತಿಳಿಸಿ, ಇಲ್ಲದಿದ್ದರೆ ನಾನೇ ಮಾರುತ್ತೇನೆ. ಎರಡು ದಿನದಲ್ಲಿ ಉತ್ತರ ಬಂತು. ಶುಭವಾಗಲಿ ಎಂದಿತ್ತು, ಅಷ್ಟೇ.

ನಾನೇ ಮಾರುವುದೆಂದರೆ ಏನೆಂದು ಆಮೇಲೆ ಗೊತ್ತಾಯಿತು. ಈ ಸಂತೆಯಲ್ಲಿ ಫೈಲ್ ಕೊಟ್ಟರೆ ಸಾಲದು. ಕೊಳ್ಳುವವರಿಗೆ ಕ್ಯಾಸೆಟ್ ಬೇಕು, ಅದಕ್ಕೊಂದು ಡಬ್ಬಿ, ಚಿತ್ರದ ಚೀಟಿ ಬೇಕು. ಮೆಕ್ಯಾನಿಕ್ ಅಣ್ಣನ ಅಟ್ಟದಲ್ಲಿ, ಜನರಿಗೆ ಹಾಡು ತುಂಬಿಸಿ ಕೊಡುತ್ತಿದ್ದ ಕಾಲದ ಖಾಲಿ ಕ್ಯಾಸೆಟ್ಟುಗಳು ಪೆಟ್ಟಿಗೆಗಟ್ಟಲೆ ಉಳಿದಿದ್ದವು. ಮೊದಲು ತುಂಬಿಸಿದ ಇಡೀ ಕಂತು ಹಾಳಾಯಿತು. ನಮ್ಮ ಟೇಪ್ ಡೆಕ್ಕಿನಲ್ಲಿ ಓದುತ್ತಿತ್ತು, ಬೇರೆ ಡೆಕ್ಕಿನಲ್ಲಿ ಇಲ್ಲ. ಟೇಪನ್ನು ಮುಟ್ಟುವ ಹೆಡ್ ಕೂದಲೆಳೆಯಷ್ಟು ವಾರೆಯಾಗಿತ್ತು. ಅಣ್ಣ ಕನ್ನಡಕ ಏರಿಸಿ, ಪುಟ್ಟ ಸ್ಕ್ರೂ ತಿರುಗಿಸುತ್ತ, ಸದ್ದು ಅತಿ ಚೂಪಾಗಿ ಕೇಳಿದಲ್ಲಿ ನಿಲ್ಲಿಸಿದರು. ಎಲ್ಲವನ್ನೂ ಅಳಿಸಿ ಮತ್ತೆ ತುಂಬಿಸಿದೆವು. ಪ್ರತಿಯೊಂದನ್ನೂ ಮೂರು ಬೇರೆ ಡೆಕ್ಕುಗಳಲ್ಲಿ ಓದಿಸಿ ನೋಡಿದೆವು.

ಹಳೆಯ ಕಂಪ್ಯೂಟರಿನವರ ಅಂತರ್ಜಾಲ ವೇದಿಕೆಯಲ್ಲಿ ಪ್ರಕಟಣೆ ಹಾಕಿದೆ. ಒಬ್ಬರು ತಮಾಷೆ ಮಾಡಿದರು. ಓದಲಾಗದ ಆಟಕ್ಕೆ ಹಣ ಕೊಡಬೇಕೇ ಎಂದು ಇನ್ನೊಬ್ಬರು ಕೇಳಿದರು. ಆದರೂ ಆರ್ಡರ್ ಬಂದವು. ನಾಲ್ಕು ದಿನ ಕಾದ ಮೇಲೆ ಮೊದಲನೆಯದು, ಆಮೇಲೆ ದಿನಕ್ಕೊಂದು, ಎರಡು.

ಅಂಚೆ ಕಚೇರಿಯಲ್ಲಿ ಗುಮಾಸ್ತರು ಪೊಟ್ಟಣ ಅಲುಗಾಡಿಸಿ ನೋಡಿದರು. "ಏನ್ ಮೇಡಂ ಇದು?"

"ಕ್ಯಾಸೆಟ್ ಸಾರ್."

"ಯಾವ ಹಾಡು?"

"ಹಾಡಲ್ಲ. ಕಂಪ್ಯೂಟರ್ ಆಟ."

"ಕ್ಯಾಸೆಟ್‌ನಲ್ಲಿ ಆಟಾನಾ?" ಅವರು ಫಾರಂ ನನ್ನ ಕಡೆ ತಳ್ಳಿದರು. "ಸುಮ್ನೆ ಆಟದ ಸಾಮಾನು ಅಂತ ಬರೀರಿ ಮೇಡಂ. ಅಲ್ಲಿ ಯಾರೂ ಕೇಳಲ್ಲ."

"ಇಲ್ಲ ಸಾರ್. ಕಂಪ್ಯೂಟರ್ ಪ್ರೋಗ್ರಾಂ ಅಂತಾನೇ ಬರೀತೀನಿ. ಕೋಲಾರದಲ್ಲಿ ಮಾಡಿದ್ದು ಅಂತಾನೂ ಬರೀತೀನಿ."

ಅವರು ಭುಜ ಕುಣಿಸಿ ಸೀಲು ಹೊಡೆದರು.

ಮೊದಲ ಪೊಟ್ಟಣಗಳು ತಲುಪಿದ ಎರಡನೇ ವಾರ ದೂರು ಬಂತು. ಒಂಬತ್ತನೇ ಸುತ್ತಿನಲ್ಲಿ ಲಾರಿಯ ಮೇಲೆ ಅಂಕಿಯ ಬದಲು ಕಸ ಕಾಣಿಸಿ ಆಟ ನಿಂತುಹೋಗುತ್ತದೆ. ವೇದಿಕೆಯಲ್ಲಿ ಮೊದಲು ತಮಾಷೆ ಮಾಡಿದ್ದವರೇ ಬರೆದರು: ಆ ವಿಚಿತ್ರ ಅಕ್ಷರಗಳನ್ನು ತುರುಕಿದರೆ ಇನ್ನೇನಾಗುತ್ತದೆ?

ಕಾರ್ಖಾನೆಗೆ ಒಂದು ದಿನ ರಜೆ ಹಾಕಿ ಮುಳಬಾಗಿಲಿಗೆ ಹೋದೆ. ಎಷ್ಟು ಸಲ ಆಡಿದರೂ ನಮ್ಮ ಯಂತ್ರದಲ್ಲಿ ತಪ್ಪು ಬರಲಿಲ್ಲ. ಮಧ್ಯಾಹ್ನ ನಾನು ಊಟಕ್ಕೆ ಎದ್ದಾಗ ಮೆಕ್ಯಾನಿಕ್ ಅಣ್ಣ ಬೇರೊಂದು ಆಟ ಹಾಕಿಕೊಂಡು ಕೂತಿದ್ದರು. ನಾನು ಬಂದಾಗ ಯಂತ್ರ ಆರಿಸದೆ, ರೀಸೆಟ್ ಗುಂಡಿ ಮಾತ್ರ ಒತ್ತಿ ನನ್ನ ಆಟ ತುಂಬಿಸಿದರು. ಒಂಬತ್ತನೇ ಸುತ್ತು. ಕಸ.

ಹಿಂದಿನ ಆಟ ಮೆಮೊರಿಯಲ್ಲಿ ಬಿಟ್ಟುಹೋದದ್ದನ್ನು ನನ್ನ ಆಟ ಅಂಕಿಯೆಂದು ಎತ್ತಿಕೊಳ್ಳುತ್ತಿತ್ತು. ಶುರುವಿನಲ್ಲಿ ಒಂದು ಜಾಗಕ್ಕೆ ಸೊನ್ನೆ ಬರೆಯುವುದನ್ನು ನಾನು ಮರೆತಿದ್ದೆ. ಅಲ್ಲಿ ಸೊನ್ನೆಯೇ ಇರುತ್ತದೆ ಎಂದು ನಂಬಿದ್ದೆ; ನಾವು ಯಾವಾಗಲೂ ಆರಿಸಿ ಹಚ್ಚುತ್ತಿದ್ದೆವು, ಹಾಗಾಗಿ ಇರುತ್ತಲೂ ಇತ್ತು. ತಿದ್ದಲು ಬೇಕಾದದ್ದು ನಾಲ್ಕು ಬೈಟ್. ಅಕ್ಷರಗಳಿಗೆ ಅದರ ಗಾಳಿಯೂ ಸೋಕಿರಲಿಲ್ಲ.

ಫೈಲ್ ಮಾತ್ರ ಕಳಿಸಿ ಮುಗಿಸಬಹುದಿತ್ತು. ಆದರೆ ಕೊಂಡವರೆಲ್ಲರಿಗೂ ಹೊಸ ಕ್ಯಾಸೆಟ್ ತುಂಬಿಸಿದೆವು. ವೇದಿಕೆಯಲ್ಲಿ ಆಟದ ಕೋಡ್ ಹಾಕಿ, ಎಲ್ಲರಿಗೂ ಕಾಣುವಂತೆ ಬರೆದೆ: ತಪ್ಪು ಇಲ್ಲಿದೆ, ಇಂಥ ಸಾಲಿನಲ್ಲಿ, ಅದು ನನ್ನದು. ಅಕ್ಷರದ್ದಲ್ಲ. ಅಕ್ಷರಗಳು ಇದ್ದಲ್ಲೇ ಇರುತ್ತವೆ.

ಕೆಲವರು ಕೋಡ್ ನೋಡಿ, ತಲೆಕಟ್ಟು ಕೂರಿಸುವ ಭಾಗದ ಬಗ್ಗೆ ಕೇಳತೊಡಗಿದರು. ತಮ್ಮ ಭಾಷೆಯ ಅಕ್ಷರಕ್ಕೂ ಇದು ಆಗುತ್ತದೆಯೇ ಎಂದು ಒಬ್ಬರು ಕೇಳಿದರು. ಆಗುತ್ತದೆ ಎಂದು ಬರೆದು, ಆ ಭಾಗವನ್ನು ಬಿಡಿಸಿ ಕಳಿಸಿದೆ.

ತುಂಬಿಸಿದ ಕ್ಯಾಸೆಟ್ಟುಗಳೆಲ್ಲ ಹೋದವು. ನೌಕರಿ ಬಿಡುವಷ್ಟೇನೂ ಆಗಲಿಲ್ಲ, ಬಿಡುವ ಆಸೆಯೂ ಇರಲಿಲ್ಲ. ಕೆಲವು ತಿಂಗಳ ನಂತರ ಒಂದೇ ಬೆಳಿಗ್ಗೆ, ಮಾಲೂರಿನ ಬಸ್ಸಿನಲ್ಲೇ, ಎರಡು ಇಮೇಲ್ ಕಂಡೆ. ಒಂದು ಪ್ರಕಾಶಕರದ್ದು. ಆಟದ ಬಗ್ಗೆ ಒಳ್ಳೆಯ ಮಾತು ಕೇಳುತ್ತಿದ್ದೇವೆ, ಇಂಗ್ಲಿಷ್ ಆವೃತ್ತಿಯನ್ನೂ ಸೇರಿಸುವುದಾದರೆ ಈಗ ಹಾಕುತ್ತೇವೆ ಎಂದಿತ್ತು. ಇನ್ನೊಂದು ಕ್ಯಾಸೆಟ್ ಕೊಂಡಿದ್ದ, ಚಳಿ ದೇಶದ ಒಬ್ಬ ಹಿರಿಯ ಮಹಿಳೆಯದ್ದು. ಮಾತಿರಲಿಲ್ಲ, ಫೋಟೋ ಮಾತ್ರ. ಅವರ ಟಿವಿಯ ಮೇಲೆ ನನ್ನ ಆಟದ ಕೊನೆಯ ಪರದೆ; ಪಕ್ಕದಲ್ಲಿ ಒಂದು ಕಾಗದದ ಮೇಲೆ ತಮ್ಮ ಅಂಕಗಳನ್ನು ಅವರು ಕನ್ನಡದಲ್ಲಿ ಬರೆದಿದ್ದರು. ೪, ೭, ೧, ೦.

ಪ್ರಕಾಶಕರಿಗೆ ಒಂದೇ ಪದ ಬರೆದೆ: ಇಲ್ಲ.

ಆಮೇಲೆ ಆ ಮಹಿಳೆಗೆ ಬರೆದೆ. ಏಳು ತಿರುವುಮುರುವಾಗಿದೆ, ಉಳಿದ ಮೂರೂ ಸರಿಯಾಗಿವೆ. ಇನ್ನೊಂದು ಸಲ ಬರೆದು ಕಳಿಸಿ.